ಮನೆ ಮಾರುವವರ ಸಂಘ ಸಂವಿಧಾನ ತಿದ್ದಲು ಹೊರಟಾಗ: ಕ್ಯಾಲಿಫೋರ್ನಿಯಾದ ಒಂದು ಪ್ರಕರಣ

ಕ್ಯಾಲಿಫೋರ್ನಿಯಾದ ರಿಯಲ್ ಎಸ್ಟೇಟ್ ಏಜೆಂಟರ ರಾಜ್ಯ ಸಂಘ 2022ರ ಅಕ್ಟೋಬರಿನಲ್ಲಿ ಎಲ್ಲರ ಮುಂದೆ ಕ್ಷಮೆ ಕೇಳಿತು. ಜನಾಂಗ ನೋಡಿ ಮನೆ ಮಾರುವ ಪದ್ಧತಿಯನ್ನು ಬೆಳೆಸಿದ್ದರಲ್ಲಿ ತನ್ನ ಪಾಲೂ ಇತ್ತು ಎಂದು ಒಪ್ಪಿಕೊಂಡಿತು. ಸುದ್ದಿ ಒಂದೆರಡು ದಿನ ಓಡಾಡಿ ಮರೆಯಾಯಿತು. ಆದರೆ ಅದರ ಹಿಂದೆ ನೂರು ವರ್ಷಕ್ಕೂ ಹೆಚ್ಚಿನ ಕಥೆ ಇದೆ. ಅದನ್ನು ಪೂರ್ತಿಯಾಗಿ ಬಿಡಿಸಿ ನೋಡಬೇಕು ಅನ್ನಿಸಿದ್ದಕ್ಕೆ ಈ ಬರಹ.

ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಈ ಸಂಘ ತನ್ನ ಕಾಲದ ಪೂರ್ವಗ್ರಹಗಳನ್ನು ಸುಮ್ನೆ ಹೊತ್ತುಕೊಂಡು ಹೋಯಿತು ಅಂತ ತುಂಬಾ ಜನ ಬರೆಯುತ್ತಾರೆ. ಆ ಕಾಲದಲ್ಲಿ ಎಲ್ಲರೂ ಹಾಗೇ ಇದ್ದರು, ಇವರೂ ಹಾಗಿದ್ದರು ಅನ್ನುವ ಮಾತು. ನನಗೆ ಇದು ಅರ್ಧ ಸತ್ಯ ಅನ್ನಿಸುತ್ತದೆ. ಒಬ್ಬ ಮಾಲೀಕನ ಮನಸ್ಸಿನಲ್ಲಿ ಇರುವ ಅಸಹನೆ ಅವನ ಮನೆಗೆ ಮಾತ್ರ ಸೀಮಿತ. ಅದನ್ನು ಇಡೀ ಊರಿನ ನಿಯಮ ಮಾಡಬೇಕಾದರೆ ಒಂದು ಸಂಘಟನೆ ಬೇಕು, ನಿಯಮಾವಳಿ ಬೇಕು, ನಿಯಮ ಮೀರಿದವನಿಗೆ ಏಟು ಕೊಡುವ ಶಕ್ತಿ ಬೇಕು. ಆ ಮೂರೂ ಈ ಸಂಘದ ಹತ್ತಿರ ಇದ್ದವು.

ಸಂಘ ಹುಟ್ಟಿದ್ದು ಒಳ್ಳೆಯ ಕಾರಣಕ್ಕೇ

1880ರ ದಶಕದಲ್ಲಿ ರೈಲು ಬಂದ ಮೇಲೆ ಲಾಸ್ ಏಂಜಲೀಸ್ ಸುತ್ತಮುತ್ತ ಜಮೀನಿನ ಹುಚ್ಚು ಹತ್ತಿತು. ಕಾಗದದ ಮೇಲೆ ಊರು ಬರೆದು, ಇಲ್ಲದ ರಸ್ತೆ ತೋರಿಸಿ ಸೈಟು ಮಾರಿದವರು ಬೇಕಾದಷ್ಟು ಜನ. ಬೆಲೆ ಕುಸಿದಾಗ ಸಾವಿರಾರು ಮಂದಿ ಮುಳುಗಿದರು. ಆಗ ಬ್ರೋಕರ್ ಅಂದರೆ ಮೋಸಗಾರ ಅನ್ನುವಷ್ಟು ಹೆಸರು ಕೆಟ್ಟಿತ್ತು. ಪ್ರಾಮಾಣಿಕವಾಗಿ ಕೆಲಸ ಮಾಡುವವರಿಗೂ ಈ ಕೆಟ್ಟ ಹೆಸರಿನಿಂದ ಹೊರಗೆ ಬರಬೇಕಿತ್ತು.

1905ರಲ್ಲಿ ಲಾಸ್ ಏಂಜಲೀಸಿನಲ್ಲಿ ಕ್ಯಾಲಿಫೋರ್ನಿಯಾ ಸ್ಟೇಟ್ ರಿಯಾಲ್ಟಿ ಫೆಡರೇಷನ್ ಶುರುವಾಯಿತು. ಮುಂದೆ ಇದೇ ಕ್ಯಾಲಿಫೋರ್ನಿಯಾ ರಿಯಲ್ ಎಸ್ಟೇಟ್ ಅಸೋಸಿಯೇಷನ್ ಆಯಿತು. 1970ರ ದಶಕದಲ್ಲಿ ಹೆಸರು ಮತ್ತೆ ಬದಲಾಗಿ ಈಗಿನ ಕ್ಯಾಲಿಫೋರ್ನಿಯಾ ಅಸೋಸಿಯೇಷನ್ ಆಫ್ ರಿಯಲ್ಟರ್ಸ್ ಆಗಿದೆ. ಬರಹದುದ್ದಕ್ಕೂ ಸುಮ್ಮನೆ ಸಂಘ ಅಂತಲೇ ಕರೆಯುತ್ತೇನೆ. 1908ರಲ್ಲಿ ಶಿಕಾಗೋದಲ್ಲಿ ರಾಷ್ಟ್ರೀಯ ಸಂಘ ಹುಟ್ಟಿದಾಗ ಅದಕ್ಕೆ ಸೇರಿದ್ದು 19 ಊರುಗಳ ಬೋರ್ಡುಗಳು (ಅಂದರೆ ಊರಿನ ಏಜೆಂಟರ ಸಂಘಗಳು) ಮತ್ತು ಒಂದೇ ಒಂದು ರಾಜ್ಯ ಸಂಘ. ಆ ಒಂದು ರಾಜ್ಯ ಕ್ಯಾಲಿಫೋರ್ನಿಯಾ. ಅಂದರೆ ಮೊದಲ ದಿನದಿಂದ ಇದು ಹಿಂಬಾಲಿಸುವ ಸಂಘ ಅಲ್ಲ, ಬೇರೆಯವರಿಗೆ ದಾರಿ ತೋರಿಸುವ ಸಂಘ.

1913ರಲ್ಲಿ ರಾಷ್ಟ್ರೀಯ ಸಂಘ ನೀತಿಸಂಹಿತೆ ತಂದಿತು. 1916ರಲ್ಲಿ ಮಿನಿಯಾಪೊಲಿಸಿನ ಚಾರ್ಲ್ಸ್ ಚಾಡ್‌ಬರ್ನ್ ಅನ್ನುವವರು ರಿಯಲ್ಟರ್ ಅನ್ನುವ ಹೆಸರು ಸೂಚಿಸಿದರು. ಸಂಘದ ಸದಸ್ಯರು ಮಾತ್ರ ಅದನ್ನು ಬಳಸಬಹುದು. 1917ರಲ್ಲಿ ಕ್ಯಾಲಿಫೋರ್ನಿಯಾ ಏಜೆಂಟರಿಗೆ ಲೈಸೆನ್ಸ್ ಕಡ್ಡಾಯ ಮಾಡುವ ಕಾನೂನು ಮಾಡಿತು, ಅಮೆರಿಕದಲ್ಲೇ ಮೊದಲು. ಕೋರ್ಟು ಅದನ್ನು ರದ್ದು ಮಾಡಿದಾಗ 1919ರಲ್ಲಿ ಇನ್ನೊಂದು ಕಾನೂನು ಬಂತು, ಅದು ಉಳಿಯಿತು. ನಮ್ಮಲ್ಲಿ ಏಜೆಂಟರು ನೋಂದಣಿ ಮಾಡಿಸಬೇಕು ಅನ್ನುವ ನಿಯಮ ಬಂದದ್ದು 2016ರ ರೇರಾ ಕಾಯ್ದೆಯಲ್ಲಿ. ಅವರು ಸುಮಾರು ನೂರು ವರ್ಷ ಮುಂದಿದ್ದರು. ಇದೆಲ್ಲ ನಿಜವಾಗಿ ಒಳ್ಳೆಯ ಕೆಲಸ. ಕೊಳ್ಳುವವನಿಗೆ ಒಂದು ಭರವಸೆ ಸಿಕ್ಕಿತು. ಇದನ್ನು ಒತ್ತಿ ಹೇಳುತ್ತಿರುವುದಕ್ಕೆ ಕಾರಣ ಇದೆ: ಮುಂದೆ ಬೇರ್ಪಡಿಸುವ ಕೆಲಸಕ್ಕೆ ಬಳಕೆಯಾದದ್ದು ಇದೇ ಬೋರ್ಡುಗಳು, ಇದೇ ನೀತಿಸಂಹಿತೆ.

ಕ್ರಯಪತ್ರದಲ್ಲಿ ಬರೆದ ಗೋಡೆ

1917ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಈ ಬೀದಿ ಬಿಳಿಯರಿಗೆ, ಆ ಬೀದಿ ಕಪ್ಪು ಜನರಿಗೆ ಅಂತ ನಗರಸಭೆ ಕಾನೂನು ಮಾಡುವಂತಿಲ್ಲ ಎಂದಿತು. ಸರ್ಕಾರದ ಬಾಗಿಲು ಮುಚ್ಚಿತು. ಆಗ ಖಾಸಗಿ ಕರಾರಿನ ದಾರಿ ಜೋರಾಯಿತು. ಬಡಾವಣೆ ಮಾಡುವವನು ಕ್ರಯಪತ್ರದಲ್ಲೇ ಒಂದು ಷರತ್ತು ಬರೆಸುತ್ತಿದ್ದ: ಈ ಮನೆಯಲ್ಲಿ ಬಿಳಿಯರಲ್ಲದವರು ವಾಸ ಮಾಡುವಂತಿಲ್ಲ. ಮನೆ ಎಷ್ಟು ಕೈ ಬದಲಾದರೂ ಷರತ್ತು ಮನೆಯ ಜೊತೆಗೇ ಹೋಗುತ್ತದೆ. ಹೊರಗಿಡುವವರ ಪಟ್ಟಿಯಲ್ಲಿ ಕಪ್ಪು ಜನರ ಜೊತೆಗೆ ಚೀನೀಯರು, ಜಪಾನೀಯರು, ಎಷ್ಟೋ ಕಡೆ ಏಷ್ಯಾದವರೆಲ್ಲರೂ ಇರುತ್ತಿದ್ದರು. ಆ ಪಟ್ಟಿಯಲ್ಲಿ ನಾವೂ ಬರುತ್ತೇವೆ.

1919ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟಿಗೆ ಇಂಥದ್ದೇ ಒಂದು ಕೇಸು ಹೋಯಿತು. ಕಪ್ಪು ಜನರಿಗೆ ಮಾರಬಾರದು ಅನ್ನುವ ಷರತ್ತು ನಿಲ್ಲುವುದಿಲ್ಲ, ಯಾಕೆಂದರೆ ಆಸ್ತಿಯನ್ನು ಮಾರುವ ಹಕ್ಕನ್ನು ಹಾಗೆ ಕಟ್ಟಿಹಾಕಲು ಆಗದು ಎಂದಿತು ಕೋರ್ಟು. ಆದರೆ ಅವರು ಅಲ್ಲಿ ವಾಸ ಮಾಡಬಾರದು ಅನ್ನುವ ಷರತ್ತು ನಿಲ್ಲುತ್ತದೆ ಅಂತಲೂ ಹೇಳಿತು. ಅಂದರೆ ಒಬ್ಬ ಕಪ್ಪು ಮನುಷ್ಯ ದುಡ್ಡು ಕೊಟ್ಟು ಮನೆ ಕೊಳ್ಳಬಹುದು, ಅವನ ಹೆಸರಿಗೆ ಪತ್ರ ಆಗುತ್ತದೆ, ಆದರೆ ಆ ಮನೆಯೊಳಗೆ ಅವನು ಹೆಂಡತಿ ಮಕ್ಕಳ ಜೊತೆ ಸಂಸಾರ ಮಾಡುವಂತಿಲ್ಲ.

1924ರಲ್ಲಿ ರಾಷ್ಟ್ರೀಯ ಸಂಘ ತನ್ನ ನೀತಿಸಂಹಿತೆಗೆ 34ನೇ ವಿಧಿ ಸೇರಿಸಿತು. ಒಂದು ಬಡಾವಣೆಯ ಆಸ್ತಿ ಬೆಲೆ ಕೆಡಿಸುವಂಥ ಯಾವುದೇ ಜನಾಂಗದ ಅಥವಾ ದೇಶದ ಜನರನ್ನು ಅಲ್ಲಿಗೆ ತರಲು ರಿಯಲ್ಟರ್ ಕಾರಣ ಆಗಕೂಡದು ಎನ್ನುವುದು ಅದರ ಸಾರ. ಇದು ಮಾಲೀಕರಿಗೆ ಬರೆದ ನಿಯಮ ಅಲ್ಲ, ಏಜೆಂಟರಿಗೆ ಬರೆದದ್ದು ಅನ್ನುವುದನ್ನು ಗಮನಿಸಬೇಕು. ಬಿಳಿ ಮಾಲೀಕ ಒಪ್ಪಿದ್ದಾನೆ, ಕಪ್ಪು ಗಿರಾಕಿ ಹಣ ಹಿಡಿದು ನಿಂತಿದ್ದಾನೆ, ಏಜೆಂಟನಿಗೂ ಬೇಸರ ಇಲ್ಲ ಅಂದುಕೊಳ್ಳಿ. ಆಗಲೂ ಅವನು ಆ ವ್ಯಾಪಾರ ಮಾಡಿಸಿದರೆ ನೀತಿ ಮೀರಿದ ಹಾಗೆ. ಊರಿನ ಬೋರ್ಡು ಅವನನ್ನು ಹೊರಗೆ ಹಾಕಬಹುದು. ಹೊರಗೆ ಬಿದ್ದವನಿಗೆ ಸದಸ್ಯರು ತಮ್ಮತಮ್ಮಲ್ಲಿ ಹಂಚಿಕೊಳ್ಳುವ ಲಿಸ್ಟಿಂಗ್, ಅಂದರೆ ಮಾರಾಟಕ್ಕಿರುವ ಮನೆಗಳ ಪಟ್ಟಿ, ಸಿಗುವುದಿಲ್ಲ, ಬೇರೆ ಏಜೆಂಟರು ಕಮಿಷನ್ ಹಂಚಿಕೊಳ್ಳುವುದಿಲ್ಲ. ಆ ವೃತ್ತಿಯಲ್ಲಿ ಲಿಸ್ಟಿಂಗ್ ಇಲ್ಲ ಅಂದರೆ ಅನ್ನ ಇಲ್ಲ. ಮನಸ್ಸು ಚೆನ್ನಾಗಿದ್ದ ಏಜೆಂಟನಿಗೂ ನ್ಯಾಯವಾಗಿ ನಡೆದುಕೊಳ್ಳುವುದಕ್ಕೆ ದಾರಿ ಇರಲಿಲ್ಲ.

ಕಪ್ಪು ಏಜೆಂಟರನ್ನಂತೂ ಹೆಚ್ಚಿನ ಊರುಗಳ ಬೋರ್ಡು ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಲೈಸೆನ್ಸ್ ಇದ್ದರೂ ರಿಯಲ್ಟರ್ ಅಂತ ಹೇಳಿಕೊಳ್ಳುವ ಹಾಗಿಲ್ಲ. ಕೊನೆಗೆ ದೇಶದ ಬೇರೆ ಬೇರೆ ಕಡೆಯ ಕಪ್ಪು ಏಜೆಂಟರು 1947ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ಸೇರಿ ತಮ್ಮದೇ ರಾಷ್ಟ್ರೀಯ ಸಂಘ ಕಟ್ಟಿಕೊಂಡರು, ತಮ್ಮನ್ನು ರಿಯಲ್ಟಿಸ್ಟ್ ಎಂದು ಕರೆದುಕೊಂಡರು.

ಇದರ ಮೇಲೆ 1930ರ ದಶಕದಲ್ಲಿ ಸರ್ಕಾರವೂ ಬಂದು ಸೇರಿತು. ಮನೆ ಸಾಲಕ್ಕೆ ವಿಮೆ ಕೊಡುವ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ತನ್ನ ಕೈಪಿಡಿಯಲ್ಲಿ ಇಂಥ ಷರತ್ತುಗಳನ್ನು ಶಿಫಾರಸು ಮಾಡಿತು. ಮಿಶ್ರ ಬಡಾವಣೆ ಅಂದರೆ ಸಾಲಕ್ಕೆ ಅಪಾಯ ಎಂದು ಲೆಕ್ಕ ಹಾಕಿತು. ಏಜೆಂಟರು ಬೆಲೆ ಬೀಳುತ್ತದೆ ಎಂದರು, ಬೆಲೆ ಬೀಳುತ್ತದೆ ಅಂತ ಬ್ಯಾಂಕು ಸಾಲ ಕೊಡಲಿಲ್ಲ, ಸಾಲ ಸಿಗದ ಬಡಾವಣೆಯಲ್ಲಿ ಬೆಲೆ ನಿಜವಾಗಿಯೂ ಬಿತ್ತು, ಆಮೇಲೆ ಅದನ್ನೇ ತೋರಿಸಿ ನೋಡಿ ನಾವು ಹೇಳಿರಲಿಲ್ವಾ ಎಂದರು. ಈ ಸುತ್ತು ಮೂವತ್ತು ವರ್ಷ ಓಡಿತು.

ಷರತ್ತು ಹೋಯಿತು, ಪದ್ಧತಿ ಉಳಿಯಿತು

1948ರ ಮೇ 3ರಂದು ಅಮೆರಿಕದ ಸುಪ್ರೀಂ ಕೋರ್ಟು, ಇಂಥ ಷರತ್ತುಗಳನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಶೆಲ್ಲಿ ಕೇಸು ಅಂತ ಪ್ರಸಿದ್ಧ. ಅದರ ಜೊತೆಗೆ ವಿಚಾರಣೆಯಾದ ಇನ್ನೊಂದು ಕೇಸಿನಲ್ಲಿ ನಾಗರಿಕ ಹಕ್ಕುಗಳ ವಕೀಲ ಥರ್ಗುಡ್ ಮಾರ್ಷಲ್ ಜೊತೆ ವಾದ ಮಾಡಿದವರು ಲಾಸ್ ಏಂಜಲೀಸಿನ ವಕೀಲ ಲೋರೆನ್ ಮಿಲ್ಲರ್.

ಆಮೇಲೆ ಬಂದ 1953ರ ಕೇಸು ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಲಾಸ್ ಏಂಜಲೀಸಿನಲ್ಲಿ ಒಬ್ಬ ಬಿಳಿ ಮಾಲೀಕಳು ಷರತ್ತು ಮೀರಿ ಕಪ್ಪು ಜನರಿಗೆ ತನ್ನ ಮನೆ ಬಿಟ್ಟುಕೊಟ್ಟಳು. ಅಕ್ಕಪಕ್ಕದವರು ಅವಳ ಮೇಲೆ ನಷ್ಟ ಪರಿಹಾರಕ್ಕೆ ದಾವೆ ಹಾಕಿದರು. ಸುಪ್ರೀಂ ಕೋರ್ಟು ಅವಳ ಪರ ನಿಂತಿತು. ಈ ಕೇಸನ್ನು ನೆನಪಿಟ್ಟುಕೊಳ್ಳಿ. ಆಸ್ತಿಯ ಮಾಲೀಕಳಿಗೆ ತನ್ನ ಇಷ್ಟದವರಿಗೆ ಮಾರುವ ಸ್ವಾತಂತ್ರ್ಯ ಇಲ್ಲ ಅನ್ನುವುದೇ ಷರತ್ತಿನ ಪರ ಇದ್ದವರ ವಾದವಾಗಿತ್ತು. ಹತ್ತೇ ವರ್ಷದಲ್ಲಿ ಈ ವಾದ ತಲೆಕೆಳಗಾಗುತ್ತದೆ.

ನೀತಿಸಂಹಿತೆಯೂ 1950ರಲ್ಲಿ ಬದಲಾಯಿತು. ಜನಾಂಗ, ದೇಶ ಅನ್ನುವ ಮಾತು ತೆಗೆದರು. ಬಡಾವಣೆಯ ಬೆಲೆ ಕೆಡಿಸುವ ಬಳಕೆಯನ್ನು ತರಬಾರದು ಅಂತ ಮಾತ್ರ ಉಳಿಸಿದರು. ಏಜೆಂಟರಿಗೆ ಅದರ ಅರ್ಥ ಮೊದಲಿನಿಂದ ಗೊತ್ತಿತ್ತಲ್ಲ, ನಡೆಯುವುದು ಹಾಗೇ ನಡೆಯಿತು.

ಎಷ್ಟರ ಮಟ್ಟಿಗೆ ಅಂದರೆ, 1957ರ ಕೊನೆಯಲ್ಲಿ ವಿಲ್ಲಿ ಮೇಸ್‌ಗೇ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮನೆ ಸಿಗಲಿಲ್ಲ. ಅವರು ಆ ಕಾಲದ ದೊಡ್ಡ ಬೇಸ್‌ಬಾಲ್ ಆಟಗಾರ; ಜೈಂಟ್ಸ್ ತಂಡ ನ್ಯೂಯಾರ್ಕ್ ಬಿಟ್ಟು ಆ ಊರಿಗೆ ಬರುತ್ತಿತ್ತು, ಊರೆಲ್ಲ ಸಂಭ್ರಮ. ಮೇಸ್ 37,500 ಡಾಲರ್ ಕೇಳಿದ ಮನೆಗೆ ಕೇಳಿದಷ್ಟೂ ಕೊಡಲು ಸಿದ್ಧರಿದ್ದರು. ಅಕ್ಕಪಕ್ಕದವರ ಒತ್ತಡಕ್ಕೆ ಮಾಲೀಕ ಹಿಂದೆ ಸರಿದ. ಸುದ್ದಿ ಪತ್ರಿಕೆಗೆ ಬಂತು, ಮೇಯರ್ ಜಾರ್ಜ್ ಕ್ರಿಸ್ಟೋಫರ್ ನಡುವೆ ಬಂದರು, ಕೊನೆಗೆ ವ್ಯಾಪಾರ ಕುದುರಿತು. ಆಮೇಲೂ ಆ ಮನೆಯ ಕಿಟಕಿಗೆ ಕಲ್ಲು ಬಿತ್ತು. ಮೇಯರ್ ಫೋನ್ ಮಾಡುವಂಥ ಹೆಸರಿಲ್ಲದವರ ಗತಿ ಏನಾಗಿರಬೇಕು ಯೋಚಿಸಿ.

ಬೆಲೆ ಬೀಳುತ್ತದೆ ಅನ್ನುವ ಮಾತನ್ನು ಯಾರೂ ಪರೀಕ್ಷೆ ಮಾಡಿರಲಿಲ್ವಾ? ಮಾಡಿದ್ದರು. ಲುಯಿಜಿ ಲಾರೆಂಟಿ ಅನ್ನುವ ಅರ್ಥಶಾಸ್ತ್ರಜ್ಞ ಸ್ಯಾನ್ ಫ್ರಾನ್ಸಿಸ್ಕೊ, ಓಕ್‌ಲ್ಯಾಂಡ್, ಫಿಲಡೆಲ್ಫಿಯಾಗಳ ಬಡಾವಣೆಗಳಲ್ಲಿ ಮಾರಾಟವಾದ ಮನೆಗಳ ಬೆಲೆ ತೆಗೆದು, ಕಪ್ಪು ಕುಟುಂಬಗಳು ಬಂದ ಬಡಾವಣೆಯನ್ನು ಬಾರದ ಬಡಾವಣೆಯ ಜೊತೆ ಹೋಲಿಸಿ ನೋಡಿದರು. 1960ರಲ್ಲಿ ಪ್ರಕಟವಾಯಿತು. ಹೆಚ್ಚಿನ ಕಡೆ ಬೆಲೆ ಅಷ್ಟೇ ಇತ್ತು ಅಥವಾ ಏರಿತ್ತು. ಇಳಿದದ್ದು ಕಡಿಮೆ ಕಡೆ. ಮುಂದೆ ಸಂಘ ಮಾಡಿದ ಪ್ರಚಾರವನ್ನು ಓದುವಾಗ ಈ ಲೆಕ್ಕ ಆಗಲೇ ಎಲ್ಲರ ಕೈಗೂ ಸಿಗುವಂತಿತ್ತು ಅನ್ನುವುದು ಮನಸ್ಸಿನಲ್ಲಿರಲಿ.

ರಮ್‌ಫರ್ಡ್ ತಂದ ಕಾನೂನು

ವಿಲಿಯಂ ಬೈರನ್ ರಮ್‌ಫರ್ಡ್ ಬರ್ಕ್ಲಿಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದವರು. 1948ರಲ್ಲಿ ರಾಜ್ಯದ ವಿಧಾನಸಭೆಗೆ ಗೆದ್ದರು. ಉತ್ತರ ಕ್ಯಾಲಿಫೋರ್ನಿಯಾದಿಂದ ಗೆದ್ದ ಮೊದಲ ಕಪ್ಪು ಶಾಸಕ. ಗಲಾಟೆ ಮಾಡದೆ, ಹಟ ಬಿಡದೆ ಕೆಲಸ ಮಾಡುವ ಮನುಷ್ಯ ಅಂತ ಹೆಸರು.

1959ರಲ್ಲೇ ರಾಜ್ಯದಲ್ಲಿ ಅನ್‌ರೂ ಕಾಯ್ದೆ ಬಂದಿತ್ತು. ವ್ಯಾಪಾರ ಮಾಡುವ ಯಾವ ಸಂಸ್ಥೆಯೂ ಜನಾಂಗದ ಮೇಲೆ ಭೇದ ಮಾಡುವಂತಿಲ್ಲ ಅಂತ. ಆದರೆ ಅನ್ಯಾಯ ಆದವರು ತಾವೇ ವಕೀಲರನ್ನು ಹಿಡಿದು ಕೋರ್ಟು ಹತ್ತಬೇಕಿತ್ತು. 1963ರಲ್ಲಿ ರಮ್‌ಫರ್ಡ್ ತಂದ ಮಸೂದೆ ಈ ಕೆಲಸವನ್ನು ರಾಜ್ಯದ ಒಂದು ಆಯೋಗಕ್ಕೆ ಕೊಟ್ಟಿತು. ದೂರು ಕೊಟ್ಟರೆ ಸಾಕು, ಆಯೋಗ ವಿಚಾರಣೆ ಮಾಡುತ್ತದೆ. ಮಸೂದೆ ಸೆನೆಟ್ ಸಮಿತಿಯಲ್ಲಿ ಸಿಕ್ಕಿಹಾಕಿಕೊಂಡಿತು. ನಾಗರಿಕ ಹಕ್ಕುಗಳ ಕಾರ್ಯಕರ್ತರು ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಶಾಸನಸಭೆಯ ಭವನದ ನಡುಮನೆಯಲ್ಲೇ ಧರಣಿ ಕೂತರು. ಅಧಿವೇಶನದ ಕೊನೆಯ ದಿನ, ಮಧ್ಯರಾತ್ರಿ ಗಡುವಿಗೆ ಸ್ವಲ್ಪ ಮುಂಚೆ ಅದು ಪಾಸಾಯಿತು. ಗವರ್ನರ್ ಪ್ಯಾಟ್ ಬ್ರೌನ್ ಸಹಿ ಹಾಕಿದರು.

ಪಾಸಾಗಬೇಕಾದರೆ ಅದನ್ನು ತುಂಬಾ ಮೆತ್ತಗೆ ಮಾಡಬೇಕಾಗಿತ್ತು. ಐದು ಅಥವಾ ಹೆಚ್ಚು ಮನೆಗಳಿರುವ ಬಾಡಿಗೆ ಕಟ್ಟಡಗಳು, ಸರ್ಕಾರದ ನೆರವಿರುವ ಮನೆಗಳು ಇದರೊಳಗೆ ಬಂದವು. ಸರ್ಕಾರಿ ನೆರವಿಲ್ಲದ ಸಾಮಾನ್ಯ ಇಂಡಿಪೆಂಡೆಂಟ್ ಮನೆಯ ಮಾಲೀಕನನ್ನು ಈ ಕಾನೂನು ಹೆಚ್ಚುಕಡಿಮೆ ಮುಟ್ಟಲೇ ಇಲ್ಲ. ಇಷ್ಟಕ್ಕೇ ಸಂಘ ಯುದ್ಧಕ್ಕೆ ನಿಂತಿತು.

ಅದಕ್ಕೆ ಧೈರ್ಯ ಕೊಟ್ಟದ್ದು ಬರ್ಕ್ಲಿಯ ಫಲಿತಾಂಶ ಇರಬೇಕು. ಆ ಊರಿನ ನಗರಸಭೆ 1963ರ ಶುರುವಿನಲ್ಲಿ ತನ್ನದೇ ಒಂದು ಇಂಥ ಕಾನೂನು ಮಾಡಿತ್ತು. ಏಪ್ರಿಲ್‌ನಲ್ಲಿ ಅದು ಜನರ ಮತಕ್ಕೆ ಹೋಗಿ ಸ್ವಲ್ಪದರಲ್ಲಿ ಸೋತಿತು. ಉದಾರ ಮನಸ್ಸಿನ ಊರು ಅಂತ ಹೆಸರಾದ ಬರ್ಕ್ಲಿಯಲ್ಲೇ, ಗುಟ್ಟಾಗಿ ಮತ ಹಾಕಲು ಬಿಟ್ಟರೆ ಹೀಗಾಗುತ್ತದೆ ಎಂದರೆ ರಾಜ್ಯದ ಉಳಿದ ಕಡೆ ಕೇಳಬೇಕೆ?

14ನೇ ಪ್ರಸ್ತಾವ

ಸಂಘದ ಮುಂದೆ ಎರಡು ದಾರಿ ಇದ್ದವು. ರಮ್‌ಫರ್ಡ್ ಕಾಯ್ದೆಯನ್ನು ಮಾತ್ರ ಜನರ ಮತಕ್ಕೆ ಹಾಕಿ ರದ್ದು ಮಾಡಿಸಬಹುದಿತ್ತು. ಅದು ಚಿಕ್ಕ ದಾರಿ. ಆದರೆ ಶಾಸನಸಭೆ ಮುಂದೆ ಇನ್ನೊಂದು ಕಾಯ್ದೆ ತರಬಹುದು, ಊರುಗಳು ತಮ್ಮ ತಮ್ಮ ಕಾನೂನು ಮಾಡಬಹುದು. ಆದ್ದರಿಂದ ಅವರು ಜನರ ಮತದಿಂದ ರಾಜ್ಯದ ಸಂವಿಧಾನವನ್ನೇ ತಿದ್ದುವ ದಾರಿ ಹಿಡಿದರು; ಅದೇ 14ನೇ ಪ್ರಸ್ತಾವ. ಆಗ ಅನ್‌ರೂ ಕಾಯ್ದೆಯ ಮನೆಗೆ ಸಂಬಂಧಿಸಿದ ಭಾಗವೂ ಹೋಗುತ್ತದೆ, ರಮ್‌ಫರ್ಡ್ ಕಾಯ್ದೆಯೂ ಹೋಗುತ್ತದೆ, ಮುಂದೆ ಯಾವ ಶಾಸಕನೂ ಯಾವ ನಗರಸಭೆಯೂ ಈ ವಿಷಯಕ್ಕೆ ಕೈ ಹಾಕದ ಹಾಗಾಗುತ್ತದೆ. ಇಡೀ ಪ್ರಕರಣದಲ್ಲಿ ನಿರ್ಣಾಯಕ ತೀರ್ಮಾನ ಇದೇ. ಕೊನೆಗೆ ಅವರನ್ನು ಕೋರ್ಟಿನಲ್ಲಿ ಬೀಳಿಸಿದ್ದೂ ಇದೇ.

ತಿದ್ದುಪಡಿಯ ಮುಖ್ಯ ಭಾಗ ಒಂದೇ ಉದ್ದ ವಾಕ್ಯ. ತನ್ನ ಆಸ್ತಿಯನ್ನು ಮಾರಲು ಅಥವಾ ಬಾಡಿಗೆಗೆ ಕೊಡಲು ಬಯಸುವ ಯಾರೇ ಆಗಲಿ, ತನ್ನ ಪೂರ್ಣ ವಿವೇಚನೆಯಂತೆ ಯಾರಿಗೆ ಬೇಕಾದರೂ ಕೊಡಲ್ಲ ಅನ್ನುವ ಹಕ್ಕನ್ನು ರಾಜ್ಯವಾಗಲಿ ಅದರ ಯಾವ ಅಂಗವಾಗಲಿ ಕಿತ್ತುಕೊಳ್ಳುವಂತಿಲ್ಲ, ಮಿತಿಗೊಳಿಸುವಂತಿಲ್ಲ ಎಂದು ಅದರ ಅರ್ಥ. ಎಲ್ಲೂ ಜನಾಂಗದ ಮಾತಿಲ್ಲ. ಬಿಳಿಯ, ಕಪ್ಪು ಅನ್ನುವ ಸುಳಿವೂ ಇಲ್ಲ. ಬರೀ ಸ್ವಾತಂತ್ರ್ಯ.

ಫ್ರೆಸ್ನೊ ಊರಿನ ಏಜೆಂಟ್, ಸ್ಪೈಕ್ ವಿಲ್ಸನ್ ಅಂತ ಕರೆಸಿಕೊಳ್ಳುತ್ತಿದ್ದವರು ಆಗ ಸಂಘದ ಅಧ್ಯಕ್ಷರು. ಅವರೂ ಅವರ ಜೊತೆಯವರೂ ಕಂಡುಕೊಂಡ ದಾರಿ ಇದು: ಹಕ್ಕಿನ ಮಾತನ್ನು ಹಕ್ಕಿನ ಮಾತಿನಿಂದಲೇ ಎದುರಿಸಬೇಕು. ಅದೇ ವರ್ಷ ರಾಷ್ಟ್ರೀಯ ಸಂಘ ಆಸ್ತಿ ಮಾಲೀಕರ ಹಕ್ಕುಪತ್ರ ಹೊರಡಿಸಿತು. ಪ್ರಚಾರದಲ್ಲಿ ರಮ್‌ಫರ್ಡ್ ಕಾಯ್ದೆಗೆ ಅವರು ಕೊಟ್ಟ ಹೆಸರು ಬಲವಂತದ ವಸತಿ. ಸರ್ಕಾರ ನಿಮ್ಮ ಮನೆ ಬಾಗಿಲಿಗೆ ಬಂದು ಯಾರಿಗೆ ಮಾರಬೇಕು ಅಂತ ಹೇಳುತ್ತದೆ ಅನ್ನುವ ಹೆದರಿಕೆ. ಕಾನೂನು ಇಂಡಿಪೆಂಡೆಂಟ್ ಮನೆಗಳನ್ನು ಹೆಚ್ಚಾಗಿ ಬಿಟ್ಟಿದೆ ಅನ್ನುವುದು ಈ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ಇಲ್ಲಿ ನನಗೆ ಸಿಟ್ಟು ಬರುತ್ತದೆ. ಮೂವತ್ತು ವರ್ಷ ಇದೇ ವೃತ್ತಿಯವರು ಮಾಲೀಕನಿಗೆ ನೀನು ಯಾರಿಗೆ ಬೇಕಾದರೂ ಮಾರುವಂತಿಲ್ಲ ಎಂದು ಹೇಳಿದ್ದರು. ಕ್ರಯಪತ್ರದಲ್ಲಿ ಬರೆಸಿದ್ದರು. ಮಾರಿದ ಏಜೆಂಟನನ್ನು ಹೊರಗೆ ಹಾಕುವ ನಿಯಮ ಇಟ್ಟುಕೊಂಡಿದ್ದರು. ಮಾಲೀಕನ ಪೂರ್ಣ ವಿವೇಚನೆ ಅವರಿಗೆ ಪವಿತ್ರವಾಗಿ ಕಂಡದ್ದು, ಆ ವಿವೇಚನೆ ಕಪ್ಪು ಗಿರಾಕಿಗೆ ಮನೆ ಕೊಡಲ್ಲ ಅನ್ನುವುದಕ್ಕೆ ಬಳಕೆಯಾದಾಗ ಮಾತ್ರ. ಸ್ವಾತಂತ್ರ್ಯದ ಬಗ್ಗೆ ನಿಜವಾದ ಕಾಳಜಿ ಇದ್ದಿದ್ದರೆ 1953ರ ಆ ಮಾಲೀಕಳ ಪರವಾಗಿ ಅವರು ನಿಂತಿರಬೇಕಿತ್ತು.

ಸಹಿ ಸಂಗ್ರಹಕ್ಕೆ ಸಂಘ, ಬಾಡಿಗೆ ಕಟ್ಟಡಗಳ ಮಾಲೀಕರು, ಮನೆ ಕಟ್ಟುವವರು ಎಲ್ಲ ಸೇರಿ ಮನೆ ರಕ್ಷಣಾ ಸಮಿತಿ ಮಾಡಿಕೊಂಡರು. ಪ್ರಸ್ತಾವ ಮತಪತ್ರಕ್ಕೆ ಹೋಗಲು ಬೇಕಾಗಿದ್ದದ್ದು ಸುಮಾರು 4 ಲಕ್ಷ 68 ಸಾವಿರ ಸಹಿ. ಅದಕ್ಕಿಂತ ಎಷ್ಟೋ ಜಾಸ್ತಿ ಬಂತು. ಊರೂರಲ್ಲೂ ಸಂಘದ ಬೋರ್ಡು ಇತ್ತು, ಬೋರ್ಡಿಗೆ ಸದಸ್ಯರಿದ್ದರು, ಪ್ರತಿ ಸದಸ್ಯನಿಗೂ ಮನೆಮನೆಯ ಪರಿಚಯ ಇತ್ತು. ಇಂಥ ಜಾಲ ಆಗ ಎಷ್ಟೋ ರಾಜಕೀಯ ಪಕ್ಷಗಳಿಗೂ ಇರಲಿಲ್ಲ.

ಎದುರು ಪಕ್ಷವೂ ಚಿಕ್ಕದಲ್ಲ. ಗವರ್ನರ್ ಬ್ರೌನ್, ಹೆಚ್ಚಿನ ಚರ್ಚುಗಳ ಮುಖಂಡರು, ಕಾರ್ಮಿಕ ಸಂಘಟನೆಗಳು ವಿರೋಧ ಮಾಡಿದರು. ಮಾರ್ಟಿನ್ ಲೂಥರ್ ಕಿಂಗ್ ಕ್ಯಾಲಿಫೋರ್ನಿಯಾಕ್ಕೆ ಬಂದು ಭಾಷಣ ಮಾಡಿದರು. ಆದರೆ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಪ್ರಸ್ತಾವದ ಪರ ನಿಂತಿತು.

1964ರ ನವೆಂಬರ್ 3ರಂದು ಮತದಾನ. ಪರವಾಗಿ 45 ಲಕ್ಷಕ್ಕೂ ಹೆಚ್ಚು ಮತ, ವಿರುದ್ಧ ಸುಮಾರು 24 ಲಕ್ಷ. ನೂರಕ್ಕೆ 65 ಜನ ಪರ. ರಾಜ್ಯದ 58 ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳ ಹಾಗೆ) 57 ಪರವಾಗಿದ್ದವು. ಬೇಡ ಎಂದದ್ದು ಉತ್ತರದ ತುದಿಯಲ್ಲಿರುವ, ಜನ ಕಡಿಮೆ ಇರುವ ಮೊಡಾಕ್ ಒಂದೇ. ಅದೇ ದಿನ, ಅದೇ ಜನ, ಅದೇ ಮತಗಟ್ಟೆಯಲ್ಲಿ ಅಧ್ಯಕ್ಷ ಸ್ಥಾನಕ್ಕೆ ಲಿಂಡನ್ ಜಾನ್ಸನ್ ಅವರನ್ನು ನೂರಕ್ಕೆ 59ರಷ್ಟು ಮತ ಕೊಟ್ಟು ಗೆಲ್ಲಿಸಿದರು. ಆ ಬೇಸಿಗೆಯಲ್ಲಷ್ಟೇ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದ್ದ ಅಧ್ಯಕ್ಷ ಅವರು. ದೂರದ ದಕ್ಷಿಣ ರಾಜ್ಯಗಳಲ್ಲಿ ನ್ಯಾಯ ಬೇಕು, ನಮ್ಮ ಬೀದಿಯಲ್ಲಿ ಬೇಡ. ಆ ದಿನದ ಎರಡು ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ಬೇರೆ ಅರ್ಥ ಕಾಣುವುದಿಲ್ಲ.

ಗೆದ್ದ ಮೇಲೆ

ಸಂಘದ ಗೆಲುವಿನ ಬೆಲೆ ಬೇರೆಯವರು ಕೊಟ್ಟರು. ಕೇಂದ್ರ ಸರ್ಕಾರ ಕ್ಯಾಲಿಫೋರ್ನಿಯಾದ ನಗರ ಪುನರುಜ್ಜೀವನ ಯೋಜನೆಗಳಿಗೆ ಹೊಸ ಹಣ ತಡೆಹಿಡಿಯಿತು. 1965ರ ಆಗಸ್ಟ್ 11ರಂದು ಲಾಸ್ ಏಂಜಲೀಸಿನ ವಾಟ್ಸ್ ಪ್ರದೇಶದಲ್ಲಿ ಗಲಭೆ ಶುರುವಾಯಿತು, 34 ಜನ ಸತ್ತರು. ಕಾರಣಗಳು ಹಲವು: ಪೊಲೀಸರ ನಡವಳಿಕೆ, ಕೆಲಸ ಇಲ್ಲದಿರುವುದು, ಶಾಲೆಗಳ ಸ್ಥಿತಿ. ಒಂದೇ ಪ್ರಸ್ತಾವದಿಂದ ಊರು ಹೊತ್ತಿ ಉರಿಯಿತು ಎಂದರೆ ತಪ್ಪಾಗುತ್ತದೆ. ಆದರೆ ಗಲಭೆಯ ಕಾರಣ ಹುಡುಕಲು ನೇಮಿಸಿದ ಮೆಕೋನ್ ಆಯೋಗವೂ, 14ನೇ ಪ್ರಸ್ತಾವ ಪಾಸಾದದ್ದು ಕಪ್ಪು ಜನರಿಗೆ ಅವಮಾನ ಅನ್ನಿಸಿತ್ತು ಎಂದು ದಾಖಲಿಸಿದೆ. ನೂರಕ್ಕೆ 65 ಜನ ನಿಮ್ಮ ಪಕ್ಕದಲ್ಲಿ ಬದುಕುವುದು ಬೇಡ ಅಂತ ಮತ ಹಾಕಿ ಹೇಳಿದರೆ ಯಾರಿಗೆ ತಾನೆ ಹಾಗನ್ನಿಸುವುದಿಲ್ಲ?

ಕಾನೂನಿನ ಕಥೆ ಶುರುವಾಗುವುದು ಆರೆಂಜ್ ಕೌಂಟಿಯ ಸಾಂಟಾ ಆನಾ ಊರಿನಲ್ಲಿ. 1963ರಲ್ಲಿ ಮಲ್ಕಿ ಅನ್ನುವ ಕಪ್ಪು ದಂಪತಿಗೆ ಒಂದು ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗೆ ಕೊಡಲಿಲ್ಲ. ಅವರು ಅನ್‌ರೂ ಕಾಯ್ದೆಯ ಕೆಳಗೆ ಕೇಸು ಹಾಕಿದರು. ಕೇಸು ನಡೆಯುತ್ತಿರುವಾಗಲೇ ಪ್ರಸ್ತಾವ ಪಾಸಾಗಿ, ಕೆಳ ಕೋರ್ಟಿನಲ್ಲಿ ಮಾಲೀಕ ಗೆದ್ದ. ದಂಪತಿ ಬಿಡಲಿಲ್ಲ. 1966ರ ಮೇ ತಿಂಗಳಲ್ಲಿ ರಾಜ್ಯದ ಸುಪ್ರೀಂ ಕೋರ್ಟು 5-2ರಿಂದ ತಿದ್ದುಪಡಿಯನ್ನು ರದ್ದು ಮಾಡಿತು. 1967ರ ಮೇ 29ರಂದು ದೇಶದ ಸುಪ್ರೀಂ ಕೋರ್ಟು 5-4ರಿಂದ ರಾಜ್ಯದ ಕೋರ್ಟಿನ ಆ ತೀರ್ಪನ್ನು ಎತ್ತಿಹಿಡಿಯಿತು. ಒಂದೇ ಮತದ ಅಂತರ.

ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಬೈರನ್ ವೈಟ್. ಒಂದು ಕಾನೂನನ್ನು ಬರೀ ವಾಪಸ್ ತೆಗೆದುಕೊಂಡಿದ್ದರೆ ಮಾತು ಬೇರೆ. ಇಲ್ಲಿ ಭೇದ ಮಾಡುವ ಹಕ್ಕನ್ನು ರಾಜ್ಯದ ಮೂಲ ಸಂವಿಧಾನಕ್ಕೇ ಸೇರಿಸಲಾಗಿದೆ. ಅಂದರೆ ಖಾಸಗಿ ಭೇದಕ್ಕೆ ರಾಜ್ಯವೇ ಬೆಂಬಲ ಕೊಟ್ಟ ಹಾಗಾಯಿತು. ಇದು ಅವರ ವಾದದ ಸಾರ. ಸಂಘ ಚಿಕ್ಕ ದಾರಿ ಹಿಡಿದು ರಮ್‌ಫರ್ಡ್ ಕಾಯ್ದೆ ಒಂದನ್ನೇ ರದ್ದು ಮಾಡಿಸಿದ್ದರೆ ಬಹುಶಃ ಗೆದ್ದುಬಿಡುತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ರಮ್‌ಫರ್ಡ್ ಕಾಯ್ದೆ ಮತ್ತೆ ಜೀವ ಪಡೆಯಿತು. ಆದರೆ ರಮ್‌ಫರ್ಡ್ 1966ರಲ್ಲಿ ರಾಜ್ಯ ಸೆನೆಟ್ಟಿಗೆ ನಿಂತು ಅಲ್ಪ ಅಂತರದಲ್ಲಿ ಸೋತರು. ಅದೇ ಚುನಾವಣೆಯಲ್ಲಿ ಬ್ರೌನ್ ಅವರನ್ನು ರೊನಾಲ್ಡ್ ರೇಗನ್ ಸೋಲಿಸಿದರು. ರೇಗನ್ ಈ ಕಾಯ್ದೆಯ ವಿರೋಧಿ. 1967ರಲ್ಲಿ ಅದನ್ನು ತೆಗೆಯಲು ನಡೆದ ಪ್ರಯತ್ನ ಫಲ ಕೊಡಲಿಲ್ಲ. 1968ರ ಏಪ್ರಿಲ್‌ನಲ್ಲಿ, ಕಿಂಗ್ ಹತ್ಯೆಯಾದ ಒಂದು ವಾರಕ್ಕೆ, ಇಡೀ ದೇಶಕ್ಕೆ ಅನ್ವಯಿಸುವ ವಸತಿ ಕಾಯ್ದೆ ಬಂತು. ಸತ್ತುಹೋದ ತಿದ್ದುಪಡಿಯ ಸಾಲುಗಳನ್ನು ರಾಜ್ಯದ ಸಂವಿಧಾನದಿಂದ ಕಿತ್ತುಹಾಕಿದ್ದು 1974ರಲ್ಲಿ.

ವೃತ್ತಿಯೊಳಗಿನ ಬಾಗಿಲು ಇನ್ನೂ ನಿಧಾನವಾಗಿ ತೆರೆಯಿತು. ಬೋರ್ಡಿನ ಸದಸ್ಯತ್ವ ಇಲ್ಲ ಅಂತ ಲೈಸೆನ್ಸ್ ಇರುವ ಏಜೆಂಟನಿಗೆ ಲಿಸ್ಟಿಂಗ್ ಕೊಡದೆ ಇರಬಹುದಾ ಅನ್ನುವ ಪ್ರಶ್ನೆ 1976ರಲ್ಲಿ ಮರಿನ್ ಕೌಂಟಿಯ ಒಂದು ಕೇಸಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟಿಗೆ ಬಂತು. ಕೇಸು ಜನಾಂಗದ್ದಲ್ಲ; ಬೇರೆ ಕೆಲಸವನ್ನೂ ಮಾಡುತ್ತಾರೆ ಅಂತ ಒಬ್ಬರನ್ನು ಬೋರ್ಡು ಸೇರಿಸಿಕೊಂಡಿರಲಿಲ್ಲ. ಹಾಗೆ ಹೊರಗಿಡುವುದು ಕಾನೂನಿಗೆ ವಿರುದ್ಧ ಎಂದಿತು ಕೋರ್ಟು. ಐವತ್ತು ವರ್ಷ ಏಜೆಂಟರನ್ನು ಹದ್ದುಬಸ್ತಿನಲ್ಲಿ ಇಟ್ಟ ಅಸ್ತ್ರ ಅಲ್ಲಿಗೆ ಮೊಂಡಾಯಿತು.

ಇವತ್ತಿಗೂ ಉಳಿದಿರುವುದು

ಆ ಹಳೆಯ ಷರತ್ತುಗಳಿಗೆ ಈಗ ಬೆಲೆ ಇಲ್ಲ, ಆದರೆ ಕಾಗದದಲ್ಲಿ ಇನ್ನೂ ಇವೆ. ಕ್ಯಾಲಿಫೋರ್ನಿಯಾದಲ್ಲಿ 1950ಕ್ಕೆ ಮುಂಚಿನ ಬಡಾವಣೆಯಲ್ಲಿ ಮನೆ ಕೊಂಡ ನಮ್ಮವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಕ್ರಯಪತ್ರದ ಹಳೆಯ ಪುಟಗಳನ್ನು ಒಮ್ಮೆ ತೆಗೆದು ನೋಡಿ. ಅಲ್ಲಿ ಏಷ್ಯಾದವರು ಈ ಮನೆಯಲ್ಲಿ ಇರಬಾರದು ಅನ್ನುವ ಸಾಲು ಇರಬಹುದು. 2021ರಲ್ಲಿ ಪಾಸಾದ ಒಂದು ಕಾನೂನಿನ ಪ್ರಕಾರ ಕೌಂಟಿಯ ದಾಖಲೆ ಕಚೇರಿಗಳೇ ಇಂಥ ಸಾಲುಗಳನ್ನು ಹುಡುಕಿ ತೆಗೆಯುವ ಯೋಜನೆ ಮಾಡಬೇಕು. ಮಾಲೀಕರೂ ಅರ್ಜಿ ಕೊಡಬಹುದು. ಮೂಲ ಪ್ರತಿಯನ್ನು ಇತಿಹಾಸಕ್ಕಾಗಿ ಉಳಿಸಿಕೊಳ್ಳುತ್ತಾರೆ. ಅದು ಸರಿಯಾದ ಕೆಲಸ ಅಂತ ನನ್ನ ಭಾವನೆ, ಅಳಿಸಿಹಾಕಿದರೆ ನಡೆದದ್ದೇ ಸುಳ್ಳು ಅನ್ನುವವರು ಹುಟ್ಟಿಕೊಳ್ಳುತ್ತಾರೆ.

2020ರ ನವೆಂಬರಿನಲ್ಲಿ ರಾಷ್ಟ್ರೀಯ ಸಂಘ ಕ್ಷಮೆ ಕೇಳಿತು, ಎರಡು ವರ್ಷಕ್ಕೆ ಕ್ಯಾಲಿಫೋರ್ನಿಯಾದ ಸಂಘ. 14ನೇ ಪ್ರಸ್ತಾವ ಪಾಸಾಗಿ ಆಗ 58 ವರ್ಷವಾಗಿತ್ತು. 1964ರಲ್ಲಿ ಮನೆ ಸಿಗದ ಯುವ ದಂಪತಿಗಳಲ್ಲಿ ಬದುಕಿರುವವರು ಈಗ ಎಂಬತ್ತು ದಾಟಿರುತ್ತಾರೆ. ಅಮೆರಿಕದಲ್ಲಿ ಮಧ್ಯಮ ವರ್ಗದ ಕುಟುಂಬ ಮಕ್ಕಳಿಗೆ ಬಿಟ್ಟುಹೋಗುವ ದೊಡ್ಡ ಆಸ್ತಿ ಅಂದರೆ ಮನೆ. 1950ರಲ್ಲಿ ಒಳ್ಳೆಯ ಬಡಾವಣೆಯಲ್ಲಿ ಮನೆ ಕೊಳ್ಳಲು ಬಿಡದಿದ್ದರೆ 1990ರಲ್ಲಿ ಮೊಮ್ಮಕ್ಕಳ ಕಾಲೇಜು ಫೀಸಿಗೆ ಅಡ ಇಡಲು ಏನೂ ಇರುವುದಿಲ್ಲ. ಕ್ಷಮೆಯ ಮಾತು ಅದನ್ನು ತುಂಬಿಕೊಡುವುದಿಲ್ಲ. ಆದರೂ ಕೇಳಿದ್ದು ಒಳ್ಳೆಯದು, ಯಾಕೆಂದರೆ ಅದರ ಜೊತೆ ಸಂಘ ಒಂದು ಕೆಲಸವನ್ನೂ ಒಪ್ಪಿಕೊಂಡಿತು.

ಆ ಕೆಲಸದ ಮೂಲ 1950ರಲ್ಲಿದೆ. ಆ ವರ್ಷ ಇದೇ ಸಂಘದ ಬೆಂಬಲದಿಂದ ರಾಜ್ಯದ ಸಂವಿಧಾನಕ್ಕೆ 34ನೇ ಅನುಚ್ಛೇದ ಸೇರಿತ್ತು (ನೀತಿಸಂಹಿತೆಯ 34ನೇ ವಿಧಿ ಬೇರೆ, ಇದು ಬೇರೆ). ಬಡವರಿಗೆ ಸರ್ಕಾರಿ ಬಾಡಿಗೆ ಮನೆ ಕಟ್ಟಬೇಕಾದರೆ ಮೊದಲು ಆ ಊರಿನ ಜನ ಮತ ಹಾಕಿ ಒಪ್ಪಬೇಕು ಅನ್ನುತ್ತದೆ ಅದು. ಶ್ರೀಮಂತರ ಮನೆಗೆ ಇಂಥ ಮತದಾನ ಇಲ್ಲ. 1971ರಲ್ಲಿ ಸುಪ್ರೀಂ ಕೋರ್ಟು ಇದನ್ನು ಉಳಿಸಿತು. ಕ್ಷಮೆ ಕೇಳಿದ ಸಂಘ ಇದನ್ನು ತೆಗೆದುಹಾಕುವ ಪ್ರಸ್ತಾವಕ್ಕೆ ಬೆಂಬಲ ಕೊಟ್ಟಿತು, ಅದು 2024ರ ಮತಪತ್ರಕ್ಕೆ ಬರಬೇಕಿತ್ತು. ಜನರ ಮುಂದೆ ಹೋಗುವ ಮೊದಲೇ ಶಾಸನಸಭೆ ಅದನ್ನು ವಾಪಸ್ ತೆಗೆದುಕೊಂಡಿತು. ಇಂಥ ಪ್ರಸ್ತಾವ ಗೆಲ್ಲಿಸಲು ಊರೂರಿನ ಜಾಲ ಬೇಕು, ಪ್ರಚಾರಕ್ಕೆ ದುಡ್ಡು ಬೇಕು. 1964ರಲ್ಲಿ ಇವೆರಡನ್ನೂ ಒಂದೇ ವರ್ಷದಲ್ಲಿ ಹೊಂದಿಸಿದ ಸಂಘ ಇದೇ. ಅದೇ ಶಕ್ತಿಯನ್ನು ಈ ಕಡೆಗೂ ಹಾಕಬೇಕು ಅಂತ ಅದರ ಸದಸ್ಯರು ಕೇಳಬೇಕು. ಅವರಲ್ಲಿ ಈಗ ಭಾರತದಿಂದ ಹೋದ ಏಜೆಂಟರೂ ಇದ್ದಾರೆ.